ಬೇಟೆನಾಯಿಗೆ ಪರೀಕ್ಷೆ, ಬಿಲ್ಲುಗಾರನಿಗೆ ಬೇಡವೇ?

ಅಮೇರಿಕ ಮತ್ತು ಯುರೋಪಿನ ಕೆಲವು ದೇಶಗಳಲ್ಲಿ ಬಿಲ್ಲುಬಾಣದಿಂದ ಜಿಂಕೆ ಬೇಟೆಯಾಡಲು ಇಂದಿಗೂ ಅನುಮತಿಯಿದೆ. ಆದರೆ ನಿಯಮಗಳು ಒಂದೇ ತೆರನಾಗಿಲ್ಲ. ಡೆನ್ಮಾರ್ಕ್ 1999ರಲ್ಲಿ ಇದಕ್ಕೆ ಅವಕಾಶ ಕೊಟ್ಟಾಗ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಷರತ್ತನ್ನೂ ವಿಧಿಸಿತು. ಬ್ರಿಟನ್ನಿನಲ್ಲಿ 1981ರ ಕಾಯ್ದೆಯು ವನ್ಯಮೃಗಗಳ ಮೇಲೆ ಬಿಲ್ಲಿನ ಬಳಕೆಯನ್ನೇ ನಿಷೇಧಿಸಿದೆ. ಅಮೇರಿಕದ ಹೆಚ್ಚಿನ ರಾಜ್ಯಗಳಲ್ಲಿ ಬೇಟೆಯ ಪಾಠ ಕಡ್ಡಾಯ, ಗುರಿಯ ಪರೀಕ್ಷೆ ಕಡ್ಡಾಯವಲ್ಲ. ಪರೀಕ್ಷೆ ಬೇಕೇ ಎಂಬ ಚರ್ಚೆ ಅಲ್ಲಿ ನಡೆಯುತ್ತಲೇ ಇದೆ.

ಈ ಪ್ರಶ್ನೆಗೆ ಇಸ್ಲಾಮಿನ ಬೇಟೆಯ ನಿಯಮಗಳಲ್ಲಿ ಏನಾದರೂ ಬೆಳಕಿದೆಯೇ?

ಮೊದಲು ಬಾಣದ ಸ್ವಭಾವವನ್ನು ತಿಳಿಯೋಣ. ಬಾಣವು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಹರಿತವಾದ ಅಲಗಿನಿಂದ ಸೀಳಿ, ರಕ್ತ ಹರಿಸಿ ಕೊಲ್ಲುತ್ತದೆ. ಹೃದಯ ಅಥವಾ ಶ್ವಾಸಕೋಶಕ್ಕೆ ತಗುಲಿದರೆ ಪ್ರಾಣಿ ಬೇಗನೆ ಸಾಯುತ್ತದೆ. ಒಂದು ಗೇಣು ತಪ್ಪಿದರೂ ಗಾಯಗೊಂಡು ಪೊದೆಗೆ ಓಡಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ಆಧುನಿಕ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 80-90 ಮೀಟರ್ ಸಾಗಿದರೆ ಶಬ್ದವು ಸುಮಾರು 340 ಮೀಟರ್ ಸಾಗುತ್ತದೆ. ಬಾಣ ತಲುಪುವ ಮುನ್ನವೇ ಹೆದೆಯ ಸದ್ದು ಕೇಳಿ ಜಿಂಕೆ ಕುಗ್ಗುತ್ತದೆ. ಆದುದರಿಂದ ಗುರಿಯಷ್ಟೇ ಅಲ್ಲ, ಎಷ್ಟು ದೂರದಿಂದ ಹೊಡೆಯಬಾರದು ಎಂಬ ವಿವೇಕವೂ ಬೇಕು.

ಇನ್ನು ಶರೀಅತ್ತಿನತ್ತ ನೋಡಿ. ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ 4ನೆಯ ಸೂಕ್ತವು ತರಬೇತಿ ಪಡೆದ ಬೇಟೆಪ್ರಾಣಿ ಹಿಡಿದುದನ್ನು ಮಾತ್ರ ಧರ್ಮಸಮ್ಮತಗೊಳಿಸಿದೆ. ನಾಯಿ ಪಳಗಿದೆಯೆಂದು ತಿಳಿಯುವುದು ಹೇಗೆ? ಇಮಾಮ್ ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್‌ರ ಪ್ರಕಾರ, ಅದು ಹಿಡಿದ ಬೇಟೆಯನ್ನು ಮೂರು ಬಾರಿ ತಿನ್ನದೆ ಬಿಡಬೇಕು. ಇದು ಪರೀಕ್ಷೆಯಲ್ಲದೆ ಮತ್ತೇನು? ಬುದ್ಧಿಯಿಲ್ಲದ ನಾಯಿಗೇ ಪರೀಕ್ಷೆಯಿರುವಾಗ, ಉತ್ತರದಾಯಿಯಾದ ಮನುಷ್ಯನಿಗೆ ಏಕಿರಬಾರದು?

ಅದೀ ಬಿನ್ ಹಾತಿಮ್(ರ) ಕೇಳಿದ ಪ್ರಶ್ನೆಗಳಿಗೆ ಪ್ರವಾದಿವರ್ಯರು(ಸ) ನೀಡಿದ ಉತ್ತರಗಳೂ ಗಮನಾರ್ಹ. ಆಯುಧವು ಮೊನೆಯಿಂದ ತಗುಲಿ ಸೀಳಿದರೆ ತಿನ್ನಬಹುದು. ಅಡ್ಡವಾಗಿ ಬಡಿದು ಕೊಂದರೆ ತಿನ್ನಬಾರದು. ಬಾಣ ತಗುಲಿದ ಪ್ರಾಣಿ ನೀರಿಗೆ ಬಿದ್ದು ಸತ್ತಿದ್ದರೂ ತಿನ್ನಬಾರದು. ಕೊಂದದ್ದು ಬಾಣವೋ ನೀರೋ ತಿಳಿಯದು. ಅಂದರೆ ಹೊಡೆತದ ರೀತಿಯೇ ಹಲಾಲ್-ಹರಾಮ್‌ಗಳನ್ನು ನಿರ್ಣಯಿಸುತ್ತದೆ. ಜೀವವಿರುವುದನ್ನು ಗುರಿ ಅಭ್ಯಾಸಕ್ಕೆ ಬಳಸುವವನನ್ನು ಪ್ರವಾದಿವರ್ಯರು(ಸ) ಶಪಿಸಿರುವರು. ಕಲಿಯದೆ ಕಾಡಿಗೆ ಹೋದವನು ಜಿಂಕೆಯ ಮೈಮೇಲೆಯೇ ಅಭ್ಯಾಸ ಮಾಡುತ್ತಾನಲ್ಲವೇ?

ಅಲುಗಾಡದ ಹಲಗೆಗೆ ಹೊಡೆದವನು ಕಾಡಿನಲ್ಲಿ ತಪ್ಪಲಾರನೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ತಪ್ಪಬಹುದು, ನಿಜ. ಪರೀಕ್ಷೆ ಎಲ್ಲ ತಪ್ಪನ್ನೂ ತಡೆಯದು. ಆದರೆ ನಿಂತ ಹಲಗೆಗೇ ಹೊಡೆಯಲಾರದವನನ್ನು ಅದು ತಡೆಯುತ್ತದೆ. ಬಡವನಿಗೆ ಹೊರೆಯಾಗುವುದಾದರೆ ಶುಲ್ಕ ಇಳಿಸಲಿ, ಪರೀಕ್ಷೆಯನ್ನು ಕೈಬಿಡುವುದು ಬೇಡ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ ಬೇಟೆ ಅಪರಾಧ. ಆ ಬಾಗಿಲು ಮುಚ್ಚಿದೆ. ಆದರೆ ಬಕ್ರೀದಿನಂದು ಚೂರಿ ಹಿಡಿಯುವ ಕೈಗಳು ನಮ್ಮ ಮನೆಗಳಲ್ಲೂ ಇವೆ. ಎಲ್ಲದರಲ್ಲೂ ಇಹ್ಸಾನ್ ಪಾಲಿಸಬೇಕು, ಚೂರಿಯನ್ನು ಹರಿತಗೊಳಿಸಿ ಪ್ರಾಣಿಯ ನೋವನ್ನು ಕಡಿಮೆ ಮಾಡಬೇಕು ಎಂಬುದು ಪ್ರವಾದಿ(ಸ) ಬೋಧನೆ. ಉತ್ಸಾಹವೊಂದೇ ಅರ್ಹತೆಯಲ್ಲ. ಈ ಬಾರಿ ಕೈಗೆ ಚೂರಿ ಕೊಡುವ ಮುನ್ನ, ಆ ಕೈ ಕಲಿತಿದೆಯೇ ಎಂದು ವಿಚಾರಿಸಿರಿ. ಕಲಿತಿಲ್ಲವಾದರೆ ಬಲ್ಲವರಿಗೆ ಒಪ್ಪಿಸಿರಿ. ಮೂಕಪ್ರಾಣಿಯ ನೋವಿಗೂ ಅಲ್ಲಾಹನ ಮುಂದೆ ಲೆಕ್ಕವಿದೆ.