ಕಿಟಕಿ ತೆರೆದಿಡಬೇಕೆ, ಮುಚ್ಚಬೇಕೆ? ಚಂಡಮಾರುತಕ್ಕೆ ಮನೆಯನ್ನು ಸಿದ್ಧಪಡಿಸುವ ಒಂದು ಪಾಠ

ತರಗತಿ: 8 (ಕನ್ನಡ ಮಾಧ್ಯಮ). ವಿಷಯ: ವಿಜ್ಞಾನ. ಘಟಕ: ಬಲ ಮತ್ತು ಒತ್ತಡ. ಅವಧಿ: 40 ನಿಮಿಷಗಳ ಮೂರು ತರಗತಿಗಳು.

'ಬಲ ಮತ್ತು ಒತ್ತಡ' ಘಟಕದ ಕೊನೆಯಲ್ಲಿ ವಾತಾವರಣದ ಒತ್ತಡ ಬರುತ್ತದೆ. ನಮ್ಮಲ್ಲಿ ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ಇದನ್ನು ರಬ್ಬರಿನ ಹೀರುಬಟ್ಟಲು ಮತ್ತು ನೀರು ತುಂಬಿದ ಲೋಟದ ಮೇಲಿನ ರಟ್ಟು, ಈ ಎರಡು ಪ್ರಯೋಗಗಳಲ್ಲಿ ಮುಗಿಸುತ್ತೇವೆ. ನಾನು ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆ ಕುಂದಾಪುರದ ಕಡೆ, ಸಮುದ್ರದಿಂದ ಒಂದು ಕಿಲೋಮೀಟರಿಗಿಂತ ಹತ್ತಿರದಲ್ಲಿದೆ. 2021ರ ಮೇ ತಿಂಗಳಲ್ಲಿ 'ತೌಕ್ತೆ' ಚಂಡಮಾರುತ ಕರಾವಳಿಗೆ ಸಮಾನಾಂತರವಾಗಿ ಅರಬ್ಬಿ ಸಮುದ್ರದಲ್ಲಿ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ತೀರ ಮುಟ್ಟಿತು. ಆಗ ಈ ಮಕ್ಕಳು ನಾಲ್ಕನೆಯ ತರಗತಿ ಮುಗಿಸಿದ್ದರು. ಆ ಹೆಸರನ್ನು ಕೊಟ್ಟದ್ದು ಮ್ಯಾನ್ಮಾರ್, ಅದು ಒಂದು ಬಗೆಯ ಹಲ್ಲಿಯ ಹೆಸರು ಎಂದು ಹೇಳಿದಾಗ ಇಡೀ ತರಗತಿ ನಕ್ಕಿತು. ಆದರೆ ಅಂದು ಏನಾಯಿತು ಎಂದು ಕೇಳಿದಾಗ ನಗು ನಿಂತಿತು. ಎಲ್ಲರಿಗೂ ನೆನಪಿತ್ತು.

ಮನೆಯ ಬಗ್ಗೆ ಕೇಳುವಾಗ ಒಂದು ಎಚ್ಚರ ಬೇಕು. 'ನಿಮ್ಮ ಮನೆಯ ಮಾಡು ಯಾವುದರದ್ದು?' ಎಂಬ ಪ್ರಶ್ನೆ ವಿಜ್ಞಾನದ ಪ್ರಶ್ನೆಯಂತೆ ಕಂಡರೂ ತರಗತಿಯಲ್ಲಿ ಅದು ಬಡತನದ ಪ್ರಶ್ನೆಯಾಗುತ್ತದೆ. ಹಾಗಾಗಿ ನಾಲ್ಕು ಮನೆಗಳ ಚಿತ್ರ ಬರೆದು ನಾಲ್ಕು ಗುಂಪಿಗೆ ಕೊಟ್ಟೆ: ಕೆಂಪುಕಲ್ಲಿನ ಗೋಡೆಯ ಹಂಚಿನ ಮನೆ, ಸಿಮೆಂಟ್ ಇಟ್ಟಿಗೆಯ ಗೋಡೆಗೆ ಶೀಟು ಹೊದಿಸಿದ ಮನೆ, ತಾರಸಿ ಮನೆ, ಮುಂದೆ ಶೀಟಿನ ಮಾಡು ಇಳಿಸಿದ ತಾರಸಿ ಮನೆ. ಯಾರ ಮನೆ ಯಾವುದು ಎಂದು ಯಾರೂ ಹೇಳಬೇಕಾಗಿಲ್ಲ. ಆದರೂ ಪ್ರತಿ ಮಗುವೂ ಯಾವುದೋ ಒಂದು ಚಿತ್ರವನ್ನು ತುಸು ಹೆಚ್ಚು ಹೊತ್ತು ನೋಡುತ್ತಿತ್ತು. ನಾನು ಬಯಲುಸೀಮೆಯವಳು. ಛಾವಣಿಗೆ ಇಲ್ಲಿ 'ಮಾಡು' ಎನ್ನುತ್ತಾರೆ, ಅದರ ಮರಗಳು 'ಪಕ್ಕಾಸು', ಅಡ್ಡಪಟ್ಟಿ 'ರೀಪು' ಎಂಬುದನ್ನು ಮಕ್ಕಳೇ ನನಗೆ ಕಲಿಸಿದರು. ಮುಂದೆ ಕಪ್ಪುಹಲಗೆಯ ಮೇಲೂ ಅವೇ ಪದಗಳನ್ನು ಬಳಸಿದೆ.

ಪೂರ್ವಜ್ಞಾನ ತಿಳಿಯಲು ಕೇಳಿದ ಪ್ರಶ್ನೆ ಒಂದೇ: 'ನಾಳೆ ಚಂಡಮಾರುತ ಬರುತ್ತದೆ ಎಂದು ರೇಡಿಯೋದಲ್ಲಿ ಹೇಳಿದರು. ಈ ಮನೆಯ ಕಿಟಕಿಗಳನ್ನು ಏನು ಮಾಡುತ್ತೀರಿ?' ಅರ್ಧಕ್ಕಿಂತ ಹೆಚ್ಚು ಮಕ್ಕಳು ತೆರೆದಿಡಬೇಕು ಎಂದರು. ಕಾರಣ ಕೇಳಿದಾಗ ಒಬ್ಬ ಹುಡುಗ, "ಒಳ್ಗಿನ್ ಗಾಳಿ ಹೊರ್ಗ್ ಹೋಯ್ಕಲ್ದಾ ಟೀಚರ್? ಇಲ್ದಿರೆ ಮಾಡ್ ಹಾರ್ತ್" ಎಂದ. ಈ ಉತ್ತರವನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಎರಡು ಕಾಗದದ ಹಾಳೆಗಳ ನಡುವೆ ಊದಿ, ಗಾಳಿ ವೇಗವಾಗಿ ಬೀಸುವಲ್ಲಿ ಒತ್ತಡ ಕಡಿಮೆಯಾಗುತ್ತದೆ ಎಂದು ನಾವೇ ಕಲಿಸಿರುತ್ತೇವೆ. ಮಾಡಿನ ಮೇಲೆ ಒತ್ತಡ ಕಡಿಮೆ, ಒಳಗೆ ಹೆಚ್ಚು, ಆದ್ದರಿಂದ ಕಿಟಕಿ ತೆರೆದು ಎರಡನ್ನೂ ಸಮ ಮಾಡೋಣ ಎಂಬುದು ಆ ಪಾಠದಿಂದ ಹೊರಡುವ ಸಹಜ ತರ್ಕ. ಅಮೆರಿಕದಲ್ಲೂ ಹಿಂದೆ ಗಾಳಿಗೆ ಮರೆಯಾದ ಬದಿಯ ಕಿಟಕಿ ತೆರೆದಿಡಿ ಎಂಬ ಸಲಹೆ ಇತ್ತು, ಈಗ ಅದನ್ನು ಕೈಬಿಟ್ಟಿದ್ದಾರೆ. ಅರ್ಧ ಕಲಿಸಿದ ತತ್ವ ಮಗುವಿನೊಂದಿಗೆ ಮನೆಗೆ ಹೋಗುತ್ತದೆ, ಅಲ್ಲಿ ಅಪ್ಪ ಅಮ್ಮನಿಗೆ ಸಲಹೆಯಾಗುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕ ಹೋಗುವುದಕ್ಕಿಂತ ಇದು ದೊಡ್ಡ ವಿಷಯ.

ಅನ್ವೇಷಣೆಯ ಹಂತಕ್ಕೆ ಬೇಕಾದದ್ದು ಚಪ್ಪಲಿಯ ಎರಡು ರಟ್ಟಿನ ಪೆಟ್ಟಿಗೆ, ಹಳೆಯ ಆಮಂತ್ರಣ ಪತ್ರಿಕೆಗಳು ಮತ್ತು ಒಂದು ಮೇಜಿನ ಫ್ಯಾನು. ಪತ್ರಿಕೆಯನ್ನು ಮಡಚಿ ಇಳಿಜಾರು ಮಾಡು ಮಾಡಿ ಪೆಟ್ಟಿಗೆಯ ಮೇಲೆ ಸುಮ್ಮನೆ ಇಡಬೇಕು, ಅಂಟಿಸಬಾರದು. ಎದುರು ಬದುರಿನ ಗೋಡೆಗಳಲ್ಲಿ ಒಂದೊಂದು ಕಿಟಕಿ ಕತ್ತರಿಸಿ, ಮುಚ್ಚಿ ತೆರೆಯುವಂತೆ ಬಿಡಬೇಕು. ಎಲ್ಲ ಕಿಟಕಿ ಮುಚ್ಚಿ ಫ್ಯಾನು ಹಾಕಿದಾಗ ಮಾಡು ಅದುರಿತು, ಆದರೆ ನಿಂತಿತು. ಫ್ಯಾನಿನ ಕಡೆಯ ಕಿಟಕಿ ಮಾತ್ರ ತೆರೆದಾಗ ಹಾರಿ ಹಿಂದಿನ ಬೆಂಚಿಗೆ ಬಿತ್ತು. ಗಾಳಿ ಒಳಗೆ ನುಗ್ಗುತ್ತದೆ, ಹೊರಹೋಗಲು ದಾರಿಯಿಲ್ಲ, ಒಳಗಿನ ಒತ್ತಡ ಏರುತ್ತದೆ. ಮೇಲಿನಿಂದ ಎಳೆತ, ಕೆಳಗಿನಿಂದ ತಳ್ಳು, ಎರಡೂ ಸೇರುತ್ತವೆ. ಇಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಹಿಂಬದಿಯ ಕಿಟಕಿಯನ್ನು ಮಾತ್ರ ತೆರೆಯಿರಿ ಎಂದಳು. ತೆರೆದೆವು. ಮಾಡು ಮೊದಲಿಗಿಂತಲೂ ಗಟ್ಟಿಯಾಗಿ ಕೂತಿತು.

ಮೇಲ್ವಿಚಾರಣೆಗೆ ಬಂದ ಉಪನ್ಯಾಸಕರು ಇಲ್ಲಿ ಪೆನ್ನು ಕೆಳಗಿಟ್ಟು ನೋಡುತ್ತಿದ್ದರು. ಯೋಜನೆಯಲ್ಲಿ ಬರೆದ ತೀರ್ಮಾನ 'ಕಿಟಕಿ ಮುಚ್ಚಬೇಕು' ಎಂದಿರುವಾಗ ಪ್ರಯೋಗ ಬೇರೆಯದನ್ನು ಹೇಳಿದರೆ ಅದನ್ನು ಬದಿಗೆ ಸರಿಸುವ ಆಸೆಯಾಗುತ್ತದೆ. ಸರಿಸಬಾರದು. ಮಾದರಿ ತೋರಿಸಿದ್ದು ನಿಜ. ಗಾಳಿಗೆ ಬೆನ್ನು ಮಾಡಿದ ಬದಿಯ ಗೋಡೆಯ ಹೊರಗೆ ಒತ್ತಡ ಕಡಿಮೆ ಇರುತ್ತದೆ, ಅಲ್ಲಿ ತೆರೆದರೆ ಒಳಗಿನ ಒತ್ತಡವೂ ಇಳಿಯುತ್ತದೆ. ಹಾಗಾದರೆ ಹಿಂಬದಿ ಕಿಟಕಿ ತೆರೆದಿಡಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ ಫ್ಯಾನಿನಲ್ಲಿಲ್ಲ, ನಕ್ಷೆಯಲ್ಲಿದೆ.

ಎರಡನೆಯ ಅವಧಿಯಲ್ಲಿ ಪ್ರತಿ ಗುಂಪಿಗೂ ಕರಾವಳಿಯ ಸರಳ ನಕ್ಷೆಯನ್ನೂ ಎಣ್ಣೆಕಾಗದದ ಒಂದು ತುಂಡನ್ನೂ ಕೊಟ್ಟೆ. ಕಾಗದದ ಮೇಲೆ ಚಂಡಮಾರುತದ ಕೇಂದ್ರ, ಅದರ ಸುತ್ತ ಅಪ್ರದಕ್ಷಿಣವಾಗಿ ಬಾಣಗಳು. ಉತ್ತರಾರ್ಧಗೋಳದಲ್ಲಿ ಗಾಳಿ ಹೀಗೆಯೇ ಸುತ್ತುತ್ತದೆ. ಈ ಕಾಗದವನ್ನು ನಕ್ಷೆಯ ಸಮುದ್ರದ ಮೇಲೆ ದಕ್ಷಿಣದಿಂದ ಉತ್ತರಕ್ಕೆ ನಿಧಾನವಾಗಿ ಜಾರಿಸುತ್ತ, ನಮ್ಮ ಊರಿನ ಚುಕ್ಕಿಯ ಮೇಲೆ ಯಾವ ಬಾಣ ಬರುತ್ತದೆಂದು ಬರೆದುಕೊಳ್ಳಬೇಕು. ಕೇಂದ್ರ ದಕ್ಷಿಣದಲ್ಲಿದ್ದಾಗ ನಮ್ಮಲ್ಲಿ ಗಾಳಿ ಪೂರ್ವದ ಕಡೆಯಿಂದ. ಕೇಂದ್ರ ನೇರ ಪಶ್ಚಿಮದ ಸಮುದ್ರಕ್ಕೆ ಬಂದಾಗ ದಕ್ಷಿಣದಿಂದ. ಉತ್ತರಕ್ಕೆ ದಾಟಿದ ಮೇಲೆ ಪಶ್ಚಿಮದಿಂದ, ಅಂದರೆ ಸಮುದ್ರದಿಂದಲೇ. ಬೆಳಿಗ್ಗೆ ಮರೆಯಲ್ಲಿದ್ದ ಕಡಲ ಕಡೆಯ ಕಿಟಕಿ ಸಂಜೆಗೆ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಇದನ್ನು ನಾನು ಹೇಳಲಿಲ್ಲ, ನಾಲ್ಕು ಗುಂಪುಗಳೂ ಕಾಗದ ಜಾರಿಸಿ ತಾವೇ ಕಂಡುಕೊಂಡವು. ಕಗ್ಗತ್ತಲಲ್ಲಿ ಗಾಳಿ ಯಾವಾಗ ತಿರುಗಿತೆಂದು ನೋಡಿ ಕಿಟಕಿ ಬದಲಿಸಲು ಯಾರೂ ಎದ್ದು ಹೋಗಲಾರರು. ಅಲ್ಲದೆ ತೆರೆದ ಕಿಟಕಿಯಿಂದ ಮಳೆಯೂ ಹಾರಿಬರುವ ಹಂಚಿನ ಚೂರೂ ಒಳಗೆ ಬರುತ್ತವೆ. ಹಾಗಾಗಿ ಎಲ್ಲವನ್ನೂ ಮುಚ್ಚಿ ಚಿಲಕ ಹಾಕಬೇಕು ಎಂಬಲ್ಲಿಗೆ ತರಗತಿ ಬಂತು. ಕೇಂದ್ರ ನಮ್ಮ ಮೇಲೆಯೇ ಹಾದರೆ ನಡುವೆ ಗಾಳಿ ನಿಂತು ಬಿಡುತ್ತದೆ, ಆಗ ಹೊರಗೆ ಬಂದವರ ಮೇಲೆ ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಗಾಳಿ ಎರಗುತ್ತದೆ ಎಂಬುದೂ ಅದೇ ಕಾಗದದಿಂದ ಹೊರಟಿತು. ಇದಕ್ಕೆ ಪ್ರತ್ಯೇಕ ವಿವರಣೆ ಬೇಕಾಗಲಿಲ್ಲ.

ಮೂರನೆಯ ಅವಧಿ ಲೆಕ್ಕದ್ದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನಮ್ಮ ಕಟ್ಟಡ ಮಾನದಂಡ ಬಳಸುವ ಸೂತ್ರದಲ್ಲಿ 0.6ನ್ನು ವೇಗದ ವರ್ಗದಿಂದ ಗುಣಿಸಿದರೆ ಪ್ಯಾಸ್ಕಲ್‌ನಲ್ಲಿ ಒತ್ತಡ ಸಿಗುತ್ತದೆ, ವೇಗ ಸೆಕೆಂಡಿಗೆ ಮೀಟರಿನಲ್ಲಿರಬೇಕು. ಗಂಟೆಗೆ 60 ಕಿ.ಮೀ. ಗಾಳಿಗೆ ಚದರ ಮೀಟರಿಗೆ ಸುಮಾರು 17 ಕೆ.ಜಿ. ಭಾರದಷ್ಟು ಬಲ ಬಂತು. 120ಕ್ಕೆ 34 ಬರುತ್ತದೆಂದು ಬಹುತೇಕರು ಊಹಿಸಿದ್ದರು. ಬಂದದ್ದು 68. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎನ್ನುತ್ತದೆ, 118ರಿಂದ ಮೇಲೆ ಅತಿ ತೀವ್ರ ಚಂಡಮಾರುತ. ಹೆಸರಿನಲ್ಲಿ ಒಂದೆರಡು ಪದಗಳ ವ್ಯತ್ಯಾಸ, ಮಾಡಿನ ಮೇಲೆ ನಾಲ್ಕು ಪಟ್ಟು.

ಆಮೇಲೆ ಮಾಡಿನ ತೂಕ. ಒಂದು ಮಂಗಳೂರು ಹಂಚನ್ನು ಶಾಲೆಯ ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 2.6 ಕೆ.ಜಿ. ಬಂತು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು, ಅಂದರೆ 39 ಕೆ.ಜಿ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಅಷ್ಟೇ ಜಾಗಕ್ಕೆ 4ರಿಂದ 5 ಕೆ.ಜಿ. ಮಾತ್ರ. ಈ ಮೂರು ನಾಲ್ಕು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಾಗ ತರಗತಿಯಲ್ಲಿ ಸದ್ದಡಗಿತು. ಶೀಟು ತನ್ನ ತೂಕದಿಂದ ಕೂತಿಲ್ಲ, ಹುಕ್ಕಿನಿಂದ ಮಾತ್ರ ಕೂತಿದೆ. ಕೂಡಲೇ ಒಬ್ಬ ಎದ್ದು, "60ರ ಗಾಳಿಗೆ 17, ಹಂಚು 39. ಹಾಂಗಾರೆ ಹಂಚ್ ಎಂತಕ್ ಹಾರಿ ಹೋಯ್ತ್?" ಎಂದು ಕೇಳಿದ. ಇಡೀ ಘಟಕದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಇದು. 17 ಎಂಬುದು ಗಾಳಿಯ ಒತ್ತಡದ ಮೂಲ ಅಳತೆ ಅಷ್ಟೆ. ಮಾಡಿನ ಅಂಚು, ಮೂಲೆ ಮತ್ತು ಕೋಡಿನಲ್ಲಿ ಗಾಳಿ ಹರಿದು ಸುಳಿಯಾಗುವುದರಿಂದ ಎಳೆತ ಅದಕ್ಕಿಂತ ಹೆಚ್ಚು. ಬೀಸು ಬಂದಾಗ ಕ್ಷಣದ ವೇಗವೂ ಹೇಳಿದ ವೇಗಕ್ಕಿಂತ ಮೇಲೇರುತ್ತದೆ. ಮೊದಲು ಹೋದದ್ದು ಎಲ್ಲಿಯ ಹಂಚು ಎಂದು ಕೇಳಿದಾಗ 'ಇಳಿಮಾಡಿನ ಕೊನೆಯ ಸಾಲು' ಎಂದು ಹಲವರು ಒಟ್ಟಿಗೆ ಹೇಳಿದರು. ಪುಸ್ತಕದಲ್ಲಿಲ್ಲದ ದತ್ತಾಂಶ ಅವರ ಬಳಿಯೇ ಇತ್ತು.

ಶೀಟಿನ ಮೇಲೆ ಕಲ್ಲು, ಮರಳಿನ ಚೀಲ, ಹಳೆಯ ಟಯರು ಹೇರುವುದು ಇಲ್ಲಿನ ರೂಢಿ. ಇದನ್ನು ತಪ್ಪು ಎಂದು ಹೇಳುವ ಬದಲು ಲೆಕ್ಕಕ್ಕೆ ಕೊಟ್ಟೆ. 12 ಚದರ ಮೀಟರಿನ ಶೀಟಿಗೆ 120ರ ಗಾಳಿಯಲ್ಲಿ ಎಷ್ಟು ಕಲ್ಲು ಬೇಕು? ಶೀಟಿನ ಸ್ವಂತ ತೂಕ ಕಳೆದರೂ ಚದರ ಮೀಟರಿಗೆ ಸುಮಾರು 64 ಕೆ.ಜಿ., ಒಟ್ಟು 768 ಕೆ.ಜಿ. ಅಷ್ಟು ಹೇರಿದರೆ ಗಾಳಿ ಬರುವ ಮೊದಲೇ ಮಾಡು ಕುಸಿಯುತ್ತದೆ, ಕಡಿಮೆ ಹೇರಿದರೆ ಶೀಟಿನ ಜೊತೆ ಕಲ್ಲೂ ಹಾರುತ್ತದೆ. ಹಾಗಾದರೆ ದಾರಿಯೇನು? ಆರು ಮಕ್ಕಳನ್ನು ಸಾಲಾಗಿ ಕೈ ಹಿಡಿಸಿ ನಿಲ್ಲಿಸಿದೆ: ಶೀಟು, ಹುಕ್ಕು, ರೀಪು, ಪಕ್ಕಾಸು, ಗೋಡೆ, ಅಡಿಪಾಯ. 'ಗಾಳಿ' ಶೀಟನ್ನು ಎಳೆದಾಗ ಯಾವ ಕೈ ಬಿಡುತ್ತದೋ ಅಲ್ಲಿಂದ ಮನೆ ಬಿಚ್ಚಿಕೊಳ್ಳುತ್ತದೆ. ಹೆಚ್ಚಿನ ಸಲ ಕೈ ಬಿಟ್ಟದ್ದು ಪಕ್ಕಾಸು ಮತ್ತು ಗೋಡೆಯ ನಡುವೆ. ಮಕ್ಕಳ ಆಟದಲ್ಲಿ ಅದು ಆಕಸ್ಮಿಕ ಇರಬಹುದು, ಆದರೆ ಮನೆಗಳಲ್ಲೂ ಪಕ್ಕಾಸು ಗೋಡೆಯ ಮೇಲೆ ಬರೇ ಕೂತಿರುವುದುಂಟು. ಅಲ್ಲಿ ಕಬ್ಬಿಣದ ಪಟ್ಟಿ ಅಥವಾ ದಪ್ಪ ತಂತಿಯಿಂದ ಬಿಗಿಯಬೇಕು. ಅಂಚಿನಲ್ಲಿ ಹುಕ್ಕುಗಳು ಹತ್ತಿರ ಹತ್ತಿರ ಇರಬೇಕು, ತುಕ್ಕು ಹಿಡಿದವನ್ನು ಬದಲಿಸಬೇಕು. 1992ರಲ್ಲಿ ಫ್ಲಾರಿಡಾದಲ್ಲಿ ಆಂಡ್ರ್ಯೂ ಎಂಬ ಹರಿಕೇನ್ ಬಂದಾಗಲೂ ಮಾಡು ಕಿತ್ತುಹೋದ ಮನೆಗಳಿಂದಲೇ ಪಾಠ ಕಲಿತು ಕಟ್ಟಡ ನಿಯಮಗಳನ್ನು ಬಿಗಿಗೊಳಿಸಿದರು. ಹರಿಕೇನ್, ಟೈಫೂನ್, ಚಂಡಮಾರುತ ಒಂದೇ ವಿದ್ಯಮಾನದ ಬೇರೆ ಬೇರೆ ಕಡಲಿನ ಹೆಸರುಗಳು. ಆದರೆ ಅಲ್ಲಿನ ಸಿದ್ಧತೆಯ ಪಟ್ಟಿಯನ್ನು ಹಾಗೆಯೇ ತಂದರೆ ಪ್ಲೈವುಡ್ ಹಲಗೆ, ಗ್ಯಾರೇಜಿನ ಬಾಗಿಲು ಎಂದೆಲ್ಲ ಇರುತ್ತದೆ. ನಮ್ಮ ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ಪಟ್ಟಿಯನ್ನು ಗುಂಪುಗಳೇ ಮಾಡಿದವು, ಸಮಯದ ಪ್ರಕಾರ. ಹವಾಮಾನ ಇಲಾಖೆ ಸುಮಾರು 48 ಗಂಟೆ ಮೊದಲು ಜಾಗ್ರತೆಯ ಸೂಚನೆಯನ್ನೂ 24 ಗಂಟೆ ಮೊದಲು ಎಚ್ಚರಿಕೆಯನ್ನೂ ಕೊಡುತ್ತದೆ. ಹುಕ್ಕು, ತಂತಿ, ಮನೆಯ ಮೇಲೆ ಬಾಗಿದ ಮರದ ಕೊಂಬೆ ಇವೆಲ್ಲ ಏಪ್ರಿಲ್ ತಿಂಗಳ ಕೆಲಸ, ಆಗ ಮಾಡದಿದ್ದರೆ 48 ಗಂಟೆಯಲ್ಲಿ ಆಗುವುದಿಲ್ಲ. ಆ 48 ಗಂಟೆಯಲ್ಲಿ ತೆಂಗಿನ ಒಣ ಮಡಲು ಮತ್ತು ಕಾಯಿ ಇಳಿಸುವುದು, ಅಂಗಳದ ಬಕೆಟ್ಟು, ಬಿಡಿ ಶೀಟು, ಬಲೆಯ ಸಾಮಾನು ಒಳಗಿಡುವುದು, ಅಜ್ಜನ ಮಾತ್ರೆ ತರುವುದು. ಕೊನೆಯ ದಿನ ಬಾವಿಗೆ ಉಪ್ಪುನೀರು ನುಗ್ಗುವ ಮೊದಲೇ ಕುಡಿಯುವ ನೀರು ತುಂಬಿಸಿ ಮುಚ್ಚಿಡುವುದು, ಮೊಬೈಲು ಮತ್ತು ಟಾರ್ಚು ಚಾರ್ಜು ಮಾಡುವುದು, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು. ಗಾಳಿ ಏರುವಾಗ ಮೈನ್ ಸ್ವಿಚ್ಚೂ ಗ್ಯಾಸಿನ ರೆಗ್ಯುಲೇಟರೂ ಬಂದ್. ಜಿಲ್ಲಾ ವಿಪತ್ತು ಸಹಾಯವಾಣಿ 1077ನ್ನು ಎಲ್ಲ ಗುಂಪುಗಳೂ ದೊಡ್ಡದಾಗಿ ಬರೆದವು.

ಶೀಟಿನ ಮನೆಯ ಗುಂಪು ಮಾತ್ರ ಬೇರೆ ರೀತಿ ಬರೆಯಿತು. 120ರ ಲೆಕ್ಕ ನೋಡಿದ ಮೇಲೆ ಅವರ ಹಾಳೆಯ ಮೊದಲ ಸಾಲು, 'ಈ ಮನೆಯಲ್ಲಿ ಇರುವುದಿಲ್ಲ, ಶಾಲೆಗೆ ಹೋಗುತ್ತೇವೆ.' ಉಳಿದವರು ಅದನ್ನು ಸೋಲು ಎಂದರು. ನಾನು ಆಗ 1999ರ ಒಡಿಶಾದ ಮಹಾ ಚಂಡಮಾರುತವನ್ನೂ 2019ರ ಫಣಿಯನ್ನೂ ಹೋಲಿಸಿದೆ. ಮೊದಲನೆಯದರಲ್ಲಿ ಸತ್ತವರು ಸುಮಾರು ಹತ್ತು ಸಾವಿರ. ಎರಡನೆಯದರ ಮೊದಲು ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿದ್ದರು, ಅಲ್ಲಿ ಸಾವು ನೂರನ್ನು ಮುಟ್ಟಲಿಲ್ಲ. ಮನೆಗಳು ಆಗಲೂ ಬಿದ್ದವು. ಒಬ್ಬ ಹುಡುಗಿ ತನ್ನ ಅಜ್ಜಿ, "ದನಿನ್ ಬಿಟ್ಕಂಡ್ ನಾ ಬತ್ತಿಲ್ಲೆ" ಎಂದು ಹಟ ಹಿಡಿದದ್ದನ್ನು ಹೇಳಿದಳು. ದನದ ಹಗ್ಗ ಬಿಚ್ಚಿ ಬಿಡಬೇಕು, ಕಟ್ಟಿದ್ದರೆ ನೀರು ಬಂದಾಗ ಅದಕ್ಕೆ ಓಡಲಾಗುವುದಿಲ್ಲ ಎಂದು ಆ ಗುಂಪಿನ ಪಟ್ಟಿಗೆ ಒಂದು ಸಾಲು ಸೇರಿತು. ಅಜ್ಜಿಯನ್ನು ಒಪ್ಪಿಸುವುದು ಹೇಗೆ ಎಂಬುದಕ್ಕೆ ಯೋಜನೆಯಲ್ಲಿ ಜಾಗವಿರಲಿಲ್ಲ, ಆದರೂ ಹತ್ತು ನಿಮಿಷ ಅದಕ್ಕೇ ಕೊಟ್ಟೆ. ಹಟ್ಟಿಯಿರುವ ಎತ್ತರದ ಜಾಗಕ್ಕೆ ಹಗಲಿನಲ್ಲೇ ದನವನ್ನು ಮೊದಲು ಕಳಿಸಿದರೆ ಅಜ್ಜಿ ಹಿಂದೆಯೇ ಹೋಗುತ್ತಾರೆ ಎಂಬುದು ಮಕ್ಕಳ ಉಪಾಯ.

ಮೌಲ್ಯಮಾಪನಕ್ಕೆ ಕೊಟ್ಟದ್ದು ಮೊದಲ ದಿನದ ಕಿಟಕಿಯ ಪ್ರಶ್ನೆಯೇ, ಕಾರಣದೊಂದಿಗೆ. ಮುಚ್ಚಬೇಕು ಎಂದು ಬಹುತೇಕ ಎಲ್ಲರೂ ಬರೆದರು, ಗಾಳಿಯ ದಿಕ್ಕು ತಿರುಗುವುದನ್ನು ಕಾರಣವಾಗಿ ಕೊಟ್ಟವರು ಅರ್ಧದಷ್ಟು. ಉಳಿದವರಿಗೆ ಫ್ಯಾನಿನ ಪ್ರಯೋಗ ಮಾತ್ರ ಉಳಿದಿತ್ತು. ಮುಂದೆ ಈ ಪಾಠ ಮಾಡುವವರು ಎಣ್ಣೆಕಾಗದದ ಚಟುವಟಿಕೆಯನ್ನು ಗುಂಪಿಗೆ ಒಂದರ ಬದಲು ಇಬ್ಬರಿಗೆ ಒಂದರಂತೆ ಕೊಟ್ಟು ನೋಡಬಹುದು. ನಕ್ಷೆಗಳೂ ಪೆಟ್ಟಿಗೆಗಳೂ ಕಾಲೇಜಿನ ವಿಜ್ಞಾನ ಕೊಠಡಿಯ ಎರಡನೆಯ ಕಪಾಟಿನಲ್ಲಿವೆ. ಆಮಂತ್ರಣ ಪತ್ರಿಕೆಗಳನ್ನು ಮಾತ್ರ ಹೊಸದಾಗಿ ಹುಡುಕಬೇಕು, ಮಾಡುಗಳೆಲ್ಲ ಮಕ್ಕಳ ಮನೆ ಸೇರಿವೆ.