ತಲೆದಿಂಬು: ಮೆತ್ತಗಿದ್ದರೆ ಸಾಲದು, ಆಸರೆಯೂ ಬೇಕು

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಚಿಂತೆಯಿಲ್ಲದೆ ಎಂಟು ಗಂಟೆ ಮಲಗಿ ಎದ್ದವರಿಗೂ ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡಿರುವುದುಂಟು. ಕೆಲವರಿಗೆ ತಲೆಯ ಹಿಂಭಾಗ ನೋಯುತ್ತದೆ, ಕೆಲವರಿಗೆ ಭುಜ ಬಿಗಿದಿರುತ್ತದೆ. ‘ರಾತ್ರಿ ಗಾಳಿ ಹಿಡಿದಿರಬೇಕು’ ಎಂದು ಮುಲಾಮು ಹಚ್ಚಿ ಸುಮ್ಮನಾಗುತ್ತೇವೆ. ಮರುದಿನ ಮತ್ತೆ ಅದೇ ನೋವು. ಇಂಥವರು ಒಮ್ಮೆ ತಮ್ಮ ತಲೆದಿಂಬನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಹಾಸಿಗೆಯನ್ನು ನಾಲ್ಕು ಅಂಗಡಿ ಸುತ್ತಿ ಆರಿಸುವ ನಾವು ದಿಂಬನ್ನು ಮಾತ್ರ ಒಮ್ಮೆ ಅಮುಕಿ, ಮೆತ್ತಗಿದೆ ಎಂದು ತಂದುಬಿಡುತ್ತೇವೆ. ಮೆತ್ತಗಿರುವುದು ದಿಂಬಿನ ಒಂದು ಗುಣ ಮಾತ್ರ. ಅದರ ಮುಖ್ಯ ಕೆಲಸ ಬೇರೆಯೇ ಇದೆ.

ದಿಂಬಿನ ಕೆಲಸವೇನು?

ನಮ್ಮ ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಅವು ಕಂಬದಂತೆ ನೇರವಾಗಿ ನಿಂತಿಲ್ಲ, ಮುಂದಕ್ಕೆ ಸ್ವಲ್ಪ ಬಾಗಿವೆ. ಸುಮಾರು ಐದು ಕಿಲೋ ತೂಗುವ ತಲೆಯನ್ನು ಹಗಲೆಲ್ಲ ಹೊತ್ತಿರುವುದು ಈ ಮೂಳೆಗಳು ಮತ್ತು ಸುತ್ತಲಿನ ಸ್ನಾಯುಗಳು. ರಾತ್ರಿ ಅವುಗಳಿಗೆ ವಿಶ್ರಾಂತಿ ಬೇಕು. ಮಲಗಿದಾಗ ಕುತ್ತಿಗೆ ಮತ್ತು ಹಾಸಿಗೆಯ ನಡುವೆ ಉಳಿಯುವ ತೆರಪನ್ನು ತುಂಬಿ, ಕುತ್ತಿಗೆಯ ಸಹಜ ಬಾಗನ್ನು ಕಾಪಾಡುವುದೇ ದಿಂಬಿನ ಕೆಲಸ.

ದಿಂಬು ತೀರಾ ಎತ್ತರವಾದರೆ ಗದ್ದ ಎದೆಯ ಕಡೆ ಬಾಗಿ, ಕುತ್ತಿಗೆಯ ಹಿಂದಿನ ಸ್ನಾಯುಗಳು ರಾತ್ರಿಯಿಡೀ ಜಗ್ಗಿರುತ್ತವೆ. ತೀರಾ ತೆಳುವಾದರೆ ತಲೆ ಹಿಂದಕ್ಕೋ ಪಕ್ಕಕ್ಕೋ ಜೋಲುತ್ತದೆ. ದಿಂಬು ಬಹಳ ಮೆತ್ತಗಿದ್ದರೆ ಮಲಗುವಾಗ ಸುಖವೆನಿಸಿದರೂ ನಡುರಾತ್ರಿಯ ಹೊತ್ತಿಗೆ ತಲೆ ತಳಕ್ಕೆ ಇಳಿದಿರುತ್ತದೆ.

ಎತ್ತರ ಎಷ್ಟಿರಬೇಕು?

ಎಲ್ಲರಿಗೂ ಹೊಂದುವ ಒಂದೇ ಅಳತೆ ಇಲ್ಲ. ಅದು ಮಲಗುವ ಭಂಗಿಯನ್ನು ಅವಲಂಬಿಸಿದೆ.

ಅಂಗಾತ ಮಲಗುವವರಿಗೆ, ತಲೆಯ ಭಾರಕ್ಕೆ ತಗ್ಗಿದ ಮೇಲೆ ಮೂರು ಬೆರಳಿನಿಂದ ನಾಲ್ಕು ಬೆರಳಿನಷ್ಟು ಎತ್ತರ ಉಳಿದರೆ ಸಾಮಾನ್ಯವಾಗಿ ಸಾಕು. ಮುಖ ಸೂರಿನ ಕಡೆ ನೇರವಾಗಿರಬೇಕು.

ಪಕ್ಕಕ್ಕೆ ಮಲಗುವವರಿಗೆ ಹೆಚ್ಚು ಎತ್ತರ ಬೇಕು. ಕುತ್ತಿಗೆಯ ಬುಡದಿಂದ ಭುಜದ ತುದಿಯವರೆಗಿನ ಅಂತರವೇ ಇಲ್ಲಿ ಅಳತೆ. ಅಗಲ ಭುಜದ ಗಂಡಸಿಗೂ ಸಣ್ಣ ಮೈಕಟ್ಟಿನ ಹೆಂಗಸಿಗೂ ಒಂದೇ ದಿಂಬು ಹೊಂದುವುದಿಲ್ಲ. ಪಕ್ಕಕ್ಕೆ ಮಲಗಿದಾಗ ಮೂಗು ಮತ್ತು ಎದೆಯ ನಡುಭಾಗ ಒಂದೇ ಗೆರೆಯಲ್ಲಿವೆಯೇ ಎಂದು ಮನೆಯವರಲ್ಲಿ ಒಬ್ಬರು ನೋಡಿ ಹೇಳಬಹುದು.

ಬೋರಲು ಮಲಗುವುದು ಕುತ್ತಿಗೆಗೆ ಒಳ್ಳೆಯದಲ್ಲ. ಆ ಅಭ್ಯಾಸ ಬಿಡಲಾಗದವರು ತೀರಾ ತೆಳುವಾದ ದಿಂಬನ್ನು ಬಳಸಬೇಕು, ಇಲ್ಲವೇ ದಿಂಬನ್ನೇ ಬಿಡಬೇಕು.

ಹಾಸಿಗೆಯೂ ಲೆಕ್ಕಕ್ಕೆ ಬರುತ್ತದೆ. ಮೆತ್ತನೆಯ ಹಾಸಿಗೆಯಲ್ಲಿ ಭುಜ ಒಳಗಿಳಿಯುವುದರಿಂದ ತೆಳು ದಿಂಬು ಸಾಕು. ಚಾಪೆಯ ಮೇಲೆ ಮಲಗುವವರ ಭುಜ ಇಳಿಯುವುದಿಲ್ಲ; ಅವರಿಗೆ ತುಸು ಎತ್ತರದ ದಿಂಬು ಬೇಕು. ವಯಸ್ಸಿನಿಂದ ಬೆನ್ನು ಬಾಗಿದ ಹಿರಿಯರಿಗೂ ಅಷ್ಟೆ, ಎತ್ತರದ ದಿಂಬೇ ಹಿತ. ‘ದಿಂಬಿಲ್ಲದೆ ಮಲಗಿದರೆ ಕುತ್ತಿಗೆಗೆ ಒಳ್ಳೆಯದು’ ಎಂಬ ಮಾತನ್ನು ಅವರ ಮೇಲೆ ಹೇರಬಾರದು.

ಒಳಗೆ ಏನಿದೆ?

ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದಿರುವುದು ಬೂರುಗದ ಹತ್ತಿಯ ದಿಂಬು. ಬೂರುಗದ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದಂತೆ ನಯ. ಆದ್ದರಿಂದ ಹಗುರ, ತಂಪು, ಬೆವರನ್ನು ಬೇಗ ಹೀರುವುದಿಲ್ಲ. ಆದರೆ ಕಾಲ ಕಳೆದಂತೆ ಎಳೆಗಳು ಪುಡಿಯಾಗಿ ದೂಳಾಗುತ್ತವೆ. ಸಾಧಾರಣ ಹತ್ತಿಯ ದಿಂಬು ಒಳ್ಳೆಯ ಆಸರೆ ಕೊಡುತ್ತದೆ, ಆದರೆ ಬೇಗ ಗಂಟುಕಟ್ಟಿ ಗಟ್ಟಿಯಾಗುತ್ತದೆ. ಪಿಂಜಾರರು ಬಿಲ್ಲು ಹಿಡಿದು ಮನೆಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿ ಹತ್ತಿಯನ್ನು ಹಿಂಜಿಸಿ ಮತ್ತೆ ತುಂಬಿಸುವುದು ವಾಡಿಕೆಯಾಗಿತ್ತು. ಅದರಲ್ಲಿ ಆರೋಗ್ಯದ ವಿವೇಕವಿತ್ತು. ಪಾಲಿಯೆಸ್ಟರ್ ನಾರಿನ ದಿಂಬು ಅಗ್ಗ, ಒಗೆಯಲು ಸುಲಭ, ಆದರೆ ಒಂದೆರಡು ವರ್ಷಗಳಲ್ಲಿ ಚಪ್ಪಟೆಯಾಗುತ್ತದೆ. ಫೋಮ್ ದಿಂಬು ಆಕಾರ ಉಳಿಸಿಕೊಳ್ಳುತ್ತದೆ, ಆದರೆ ಸೆಕೆಗಾಲದಲ್ಲಿ ಬಿಸಿ.

ಗರಿಯ ದಿಂಬು

ದೊಡ್ಡ ಹೋಟೆಲುಗಳಲ್ಲಿ ತಂಗಿದವರು, ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದವರು ಗರಿಯ ದಿಂಬನ್ನು ಮೆಚ್ಚಿ ಮಾತನಾಡುವುದುಂಟು. ಇದರಲ್ಲಿ ತುಂಬುವುದು ಹೆಬ್ಬಾತು ಅಥವಾ ಬಾತುಕೋಳಿಯ ಗರಿ ಮತ್ತು ತುಪ್ಪಳ. ಇವೆರಡೂ ಒಂದೇ ಅಲ್ಲ. ತುಪ್ಪಳವೆಂದರೆ ಹಕ್ಕಿಯ ಎದೆ-ಹೊಟ್ಟೆಗಳ ಮೇಲೆ ಗರಿಯ ಅಡಿಯಲ್ಲಿ ಬೆಳೆಯುವ, ಗಟ್ಟಿ ದಂಟಿಲ್ಲದ ನವಿರು ಎಳೆಗಳ ಗೊಂಚಲು. ಅಂಗಡಿಯವರು ಇದನ್ನೇ ‘ಡೌನ್’ ಎನ್ನುತ್ತಾರೆ. ಅದು ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿರುತ್ತದೆ, ಬಲು ಮೃದು. ಆದರೆ ಭಾರ ಬಿದ್ದರೆ ಕುಸಿಯುತ್ತದೆ. ಗರಿಗೆ ಬಾಗಿದ ದಂಟಿದೆ. ಆ ದಂಟು ಸಣ್ಣ ಸ್ಪ್ರಿಂಗಿನಂತೆ ಭಾರವನ್ನು ತಡೆಯುತ್ತದೆ.

ಆದ್ದರಿಂದ ಕುತ್ತಿಗೆಗೆ ಆಸರೆ ಬೇಕಾದವರು ಬರೀ ತುಪ್ಪಳದ ದುಬಾರಿ ದಿಂಬಿಗೆ ಆಸೆಪಡಬೇಕಿಲ್ಲ. ಗರಿಯ ಪಾಲು ಹೆಚ್ಚಿರುವುದನ್ನು, ಅಥವಾ ನಡುವೆ ಗರಿ, ಹೊರಪದರದಲ್ಲಿ ತುಪ್ಪಳ ತುಂಬಿದ್ದನ್ನು ಆರಿಸುವುದು ಮೇಲು. ಕೊಳ್ಳುವ ಮುನ್ನ ಚೀಟಿಯಲ್ಲಿ ಎರಡರ ಪ್ರಮಾಣ ನೋಡಿ. ಹೊರಬಟ್ಟೆ ಒತ್ತಾಗಿ ನೇಯ್ದದ್ದಾಗಿರಬೇಕು, ಇಲ್ಲವಾದರೆ ದಂಟುಗಳು ತೂರಿಬಂದು ಕೆನ್ನೆಗೆ ಚುಚ್ಚುತ್ತವೆ. ಇದು ಪ್ರಾಣಿಜನ್ಯ ವಸ್ತುವಾದ್ದರಿಂದ ಬೇಡವೆನ್ನುವ ಮನೆಗಳೂ ಇವೆ. ಅವರೇನೂ ಕಳೆದುಕೊಳ್ಳುವುದಿಲ್ಲ. ಸರಿಯಾದ ಎತ್ತರದ ಬೂರುಗದ ದಿಂಬು ಅದೇ ಕೆಲಸ ಮಾಡುತ್ತದೆ.

ಅಲರ್ಜಿಯ ಮಾತು

ಗರಿಯೆಂದರೆ ಆಸ್ತಮಾ ಎಂದು ಹೆದರುವವರು ಬಹಳ. ವಾಸ್ತವದಲ್ಲಿ ಹೆಚ್ಚಿನ ತೊಂದರೆ ಕೊಡುವುದು ಗರಿಯಲ್ಲ, ಯಾವುದೇ ದಿಂಬಿನಲ್ಲಿ ಮನೆಮಾಡುವ, ಕಣ್ಣಿಗೆ ಕಾಣದ ದೂಳಿನ ನುಸಿ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಆಹಾರ, ತೇವವೇ ಅದರ ಜೀವಾಳ. ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಸೀನು, ಮೂಗು ಸೋರಿಕೆ, ಉಬ್ಬಸಗಳನ್ನು ಕೆರಳಿಸುತ್ತದೆ. ನ್ಯೂಜಿಲೆಂಡಿನ ಸಂಶೋಧಕರು 1996ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರೋಟೀನು ಗರಿಯ ದಿಂಬಿಗಿಂತ ಪಾಲಿಯೆಸ್ಟರ್ ದಿಂಬಿನಲ್ಲೇ ಹೆಚ್ಚು ಕಂಡುಬಂತು. ಗರಿಯ ದಿಂಬಿನ ಒತ್ತು ನೇಯ್ಗೆಯ ಹೊರಬಟ್ಟೆ ಇದಕ್ಕೆ ಕಾರಣವಾಗಿರಬಹುದು.

ಹಾಗೆಂದು ಗರಿಯ ದಿಂಬು ಎಲ್ಲರಿಗೂ ನಿರಪಾಯವಲ್ಲ. ಅಪರೂಪವಾಗಿ ಕೆಲವರ ಶ್ವಾಸಕೋಶ ಗರಿಯ ದೂಳಿಗೇ ಕೆರಳುತ್ತದೆ. ಗರಿಯ ಹೊದಿಕೆ, ದಿಂಬುಗಳಿಗೆ ಬದಲಾಯಿಸಿದ ಕೆಲವು ತಿಂಗಳಲ್ಲಿ ಮೆಟ್ಟಿಲು ಹತ್ತಲೂ ಏದುಸಿರು ಬರುವಂತಾಗಿದ್ದ ಒಬ್ಬ ರೋಗಿಯ ವಿವರವನ್ನು ಬ್ರಿಟನ್ನಿನ ವೈದ್ಯರು 2019ರಲ್ಲಿ ವರದಿ ಮಾಡಿದ್ದಾರೆ. ಗರಿಯ ಹಾಸಿಗೆ ಸಾಮಾನು ತೆಗೆದು, ಔಷಧ ಕೊಟ್ಟ ಮೇಲೆ ಆತ ಚೇತರಿಸಿಕೊಂಡ. ಹೊಸ ದಿಂಬು ಬಂದ ಮೇಲೆ ಒಣಕೆಮ್ಮು, ಏದುಸಿರು ಶುರುವಾದರೆ ವೈದ್ಯರಿಗೆ ಆ ಸಂಗತಿಯನ್ನು ಮರೆಯದೆ ತಿಳಿಸಿ.

ಆರೈಕೆ ಹೇಗೆ?

* ದಿಂಬಿಗೆ ಒಳಗವಸು, ಹೊರಗವಸು ಎರಡೂ ಇರಲಿ. ಹೊರಗವಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನೀರಿನ ಬಿಸಿ 60 ಡಿಗ್ರಿ ಇದ್ದರೆ ನುಸಿ ಸಾಯುತ್ತದೆ.
* ತಲೆಗೆ ಎಣ್ಣೆ ಹಚ್ಚಿ ಮಲಗುವ ದಿನ ದಿಂಬಿನ ಮೇಲೆ ಹಳೆಯ ಟವೆಲು ಹಾಸಿ. ಒದ್ದೆ ಕೂದಲಿನಲ್ಲಿ ಮಲಗಬೇಡಿ.
* ಬೂರುಗ ಮತ್ತು ಹತ್ತಿಯ ದಿಂಬನ್ನು ನೀರಿಗೆ ಹಾಕಬಾರದು. ಹದಿನೈದು ದಿನಕ್ಕೊಮ್ಮೆ ಒಳ್ಳೆಯ ಬಿಸಿಲಿಗೆ ಹಾಕಿ, ಎರಡೂ ಬದಿ ಮಗುಚಿ, ಮನೆಯ ಹೊರಗೆ ಬಡಿದು ಒಳಗೆ ತನ್ನಿ.
* ಗರಿಯ ದಿಂಬನ್ನು ಪ್ರತಿದಿನ ಬೆಳಿಗ್ಗೆ ಎರಡು ತುದಿ ಹಿಡಿದು ಕೊಡವಿ. ಒಳಗೆ ಗಾಳಿ ತುಂಬಿ ಮತ್ತೆ ಉಬ್ಬುತ್ತದೆ. ಗಾಳಿಯಾಡುವ ಜಾಗದಲ್ಲಿ ಆಗಾಗ ಹರವಿ.
* ಗರಿಯ ದಿಂಬನ್ನು ಒಗೆಯಬೇಕಾದರೆ ಮೊದಲು ಚೀಟಿಯ ಸೂಚನೆ ಓದಿ. ಸೌಮ್ಯ ಸೋಪು ಸ್ವಲ್ಪವೇ ಸಾಕು, ಎರಡು ಮೂರು ಸಲ ಜಾಲಿಸಬೇಕು. ಹಿಂಡಬಾರದು, ಒತ್ತಿ ನೀರು ತೆಗೆಯಬೇಕು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತದೆ. ಎರಡು ಮೂರು ದಿನ, ಆಗಾಗ ಉಂಡೆಗಳನ್ನು ಬಿಡಿಸುತ್ತ ಪೂರ್ತಿ ಒಣಗಿಸಿ. ಇಲ್ಲದಿದ್ದರೆ ಬೂಷ್ಟು ಹಿಡಿದು ನಾತ ಬರುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ದಿಂಬು ಇನ್ನೂ ಕೆಲಸಕ್ಕೆ ಬರುತ್ತದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಗರಿಯ ದಿಂಬನ್ನು ಎರಡಾಗಿ ಮಡಿಸಿ, ಗಾಳಿ ಹೋಗುವಂತೆ ಒತ್ತಿ ಬಿಡಿ. ತಾನಾಗಿ ಬಿಚ್ಚಿಕೊಂಡರೆ ಜೀವವಿದೆ. ಮಡಿಸಿದಂತೆಯೇ ಬಿದ್ದಿದ್ದರೆ ಬದಲಾಯಿಸುವ ಕಾಲ ಬಂದಿದೆ. ಬೂರುಗದ ದಿಂಬಿನಲ್ಲಿ ಗಂಟು ಕೈಗೆ ಸಿಕ್ಕಿದರೆ, ಬಡಿದಾಗ ಸಣ್ಣ ದೂಳು ಏಳುತ್ತಿದ್ದರೆ ಹತ್ತಿ ಹೊಸದಾಗಲಿ.

ಎಳೆಯ ಮಕ್ಕಳಿಗೆ ಬೇಡ

ತಲೆ ಗುಂಡಗಾಗಲಿ ಎಂದು ಕೂಸಿಗೆ ಸಾಸಿವೆಯ ದಿಂಬು ಇಡುವ ಪದ್ಧತಿ ಇದೆ. ಪ್ರೀತಿಯಿಂದ ಮಾಡುವುದೇ ಆದರೂ ಇದನ್ನು ಬಿಡುವುದು ಕ್ಷೇಮ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಯಾವ ದಿಂಬೂ ಬೇಡ. ಮುಖ ಮೆತ್ತನೆಯ ವಸ್ತುವಿನಲ್ಲಿ ಹುದುಗಿದರೆ ತಲೆ ಹೊರಳಿಸಿ ಉಸಿರಾಡುವ ಶಕ್ತಿ ಕೂಸಿಗೆ ಇರುವುದಿಲ್ಲ. ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಸುತ್ತ ದಿಂಬುಗಳ ಗೋಡೆಯನ್ನೂ ಕಟ್ಟಬೇಡಿ. ತಲೆ ಚಪ್ಪಟೆಯಾಗದಂತೆ, ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿಗೇ ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸಿ.

ದಿಂಬು ಔಷಧವಲ್ಲ

ದಿಂಬು ಬದಲಿಸಿ ಎರಡು ಮೂರು ವಾರವಾದರೂ ಕುತ್ತಿಗೆ ನೋವು ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿರಿ. ನೋವು ತೋಳಿಗೆ ಇಳಿಯುತ್ತಿದ್ದರೆ, ಕೈ ಜೋಮು ಹಿಡಿದು ಬಲಹೀನವಾಗುತ್ತಿದ್ದರೆ, ಜ್ವರದೊಡನೆ ಕುತ್ತಿಗೆ ಸೆಟೆದುಕೊಂಡರೆ ಕಾಯಲೇಬಾರದು.

ಇನ್ನೊಂದು ಮುಖ್ಯ ಸೂಚನೆ ಮನೆಯ ಹಿರಿಯರ ಬಗ್ಗೆ. ಮೊದಲು ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಈಗ ‘ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ’ ಎಂದು ಎರಡು, ಮೂರು ದಿಂಬು ಕೇಳುತ್ತಿದ್ದಾರೆಯೇ? ರಾತ್ರಿ ಎದ್ದು ಕೂರುತ್ತಾರೆಯೇ? ಪಾದ ಊದಿದೆಯೇ? ಇದು ಹೃದಯ ಸೋಲುತ್ತಿರುವ ಲಕ್ಷಣವಿರಬಹುದು. ‘ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?’ ಎಂದು ಹೃದ್ರೋಗ ತಜ್ಞರು ಕೇಳುವುದು ಇದಕ್ಕಾಗಿಯೇ. ಅಂಥವರಿಗೆ ಇನ್ನೊಂದು ದಿಂಬು ಕೊಟ್ಟು ಸುಮ್ಮನಾಗಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ.