ಹಸಿರು ಹೊಳೆಯುವುದಕ್ಕೆ ಮುಂಚಿನ ಕೆಲಸ

ಗಿಡದ ಒಂದು ಪ್ರೋಟೀನು ಜೀವಕೋಶದೊಳಗೆ ಎಲ್ಲಿ ನೆಲೆಸುತ್ತದೆ? ಕೋಶಕೇಂದ್ರದಲ್ಲೋ, ಪೊರೆಯ ಮೇಲೋ, ಕ್ಲೋರೋಪ್ಲಾಸ್ಟಿನೊಳಗೋ? ಇದನ್ನು ಕಣ್ಣಾರೆ ನೋಡಬೇಕೆಂದರೆ ಆ ಪ್ರೋಟೀನಿನ ಜೀನಿಗೆ ಜೆಲ್ಲಿಮೀನಿನ ಜಿಎಫ್‌ಪಿ ಜೀನನ್ನು ಬೆಸೆದು ಸಸ್ಯಕೋಶಕ್ಕೆ ಕೊಡುತ್ತಾರೆ. ನೀಲಿ ಬೆಳಕು ಬಿದ್ದಾಗ ಹಸಿರಾಗಿ ಹೊಳೆದ ಜಾಗವೇ ಅದರ ವಿಳಾಸ. ಪ್ರಯೋಗಾಲಯದಲ್ಲಿ ಈ ಕೆಲಸ ಮಾಡುತ್ತಾ ನನಗೆ ಮನದಟ್ಟಾದದ್ದು ಒಂದೇ: ಕೋಶ ಹೊಳೆಯದಿದ್ದರೆ, ಯಾಕೆ ಹೊಳೆಯಲಿಲ್ಲವೆಂದು ಅದು ಹೇಳುವುದಿಲ್ಲ. ಡಿಎನ್‌ಎ ಬಗೆಗಿನ ಅನುಮಾನಗಳನ್ನೆಲ್ಲ ಟ್ಯೂಬಿನಲ್ಲಿರುವಾಗಲೇ ತೀರಿಸಿಕೊಳ್ಳಬೇಕು.

ಬೆಸುಗೆಗೆ ಬಳಸುವುದು ಓವರ್‌ಲ್ಯಾಪ್ ಪಿಸಿಆರ್. 1989ರಲ್ಲಿ ಪ್ರಕಟವಾದ ವಿಧಾನ. ಬಡಗಿ ಎರಡು ಹಲಗೆಗಳ ಅಂಚು ಕೊರೆದು ಒಂದರೊಳಗೊಂದು ಕೂರಿಸುವಂತೆ, ಇಲ್ಲಿ ಪ್ರೈಮರ್‌ಗಳಿಗೆ (ನಕಲು ಶುರುಮಾಡುವ ಪುಟ್ಟ ಡಿಎನ್‌ಎ ತುಣುಕುಗಳಿಗೆ) ಬಾಲ ಸೇರಿಸಿ ಎರಡೂ ತುಣುಕುಗಳ ತುದಿಯಲ್ಲಿ ಸುಮಾರು 20 ಬೇಸ್‌ಗಳ ಒಂದೇ ಪಾಠ ಬರುವಂತೆ ಮಾಡುತ್ತಾರೆ. ಎರಡನೇ ಸುತ್ತಿನಲ್ಲಿ ತುಣುಕುಗಳು ಆ ಜಾಗದಲ್ಲಿ ಕೂಡಿಕೊಂಡು ಒಂದೇ ಜೀನಾಗಿ ಬೆಳೆಯುತ್ತವೆ.

ಹಾಗಾಗಿ ಪ್ರೈಮರ್ ಬರೆಯುವ ಹೊತ್ತೇ ಅತಿ ಮುಖ್ಯ. ಮೊದಲ ಜೀನಿನ ಕೊನೆಯಲ್ಲಿರುವ ಟಿಎಎ, ಟಿಎಜಿ ಅಥವಾ ಟಿಜಿಎ ನಿಲುಗಡೆ ಸಂಕೇತವನ್ನು ತೆಗೆಯಬೇಕು. ಇಲ್ಲವಾದರೆ ಜಿಎಫ್‌ಪಿ ತಯಾರಾಗುವುದೇ ಇಲ್ಲ. ಬೆಸುಗೆಯಲ್ಲಿ ಒಂದೇ ಒಂದು ಬೇಸ್ ಹೆಚ್ಚಾದರೂ ಮೂರು ಮೂರರ ಎಣಿಕೆ ತಪ್ಪಿ ಮುಂದಿನದೆಲ್ಲ ಅರ್ಥಹೀನ. ತುದಿಯಲ್ಲಿ ರಿಸ್ಟ್ರಿಕ್ಷನ್ ಕಿಣ್ವದ ಜಾಗವಿಟ್ಟರೆ ಅದರ ಆಚೆಗೂ ಕೆಲವು ಬೇಸ್‌ಗಳಿರಲಿ. ತೀರಾ ತುದಿಯಲ್ಲಿ ಹಲವು ಕಿಣ್ವಗಳು ಸರಿಯಾಗಿ ಕತ್ತರಿಸುವುದಿಲ್ಲ.

ಡಿಎನ್‌ಎ ನಕಲು ಮಾಡುವ ಕಿಣ್ವವಾದ ಪಾಲಿಮರೇಸ್‌ನ ಆಯ್ಕೆಯೂ ಅಷ್ಟೇ ಮುಖ್ಯ. ಟ್ಯಾಕ್ ಎಂಬ ಪಾಲಿಮರೇಸ್‌ಗೆ ತನ್ನ ತಪ್ಪು ತಿದ್ದಿಕೊಳ್ಳುವ ಶಕ್ತಿಯಿಲ್ಲ. ಜೊತೆಗೆ ತುದಿಯಲ್ಲಿ ಒಂದು ‘ಎ’ ಹೆಚ್ಚಿಗೆ ಸೇರಿಸುವ ಅಭ್ಯಾಸ ಅದಕ್ಕಿದೆ. ಆ ‘ಎ’ ಸರಿಯಾಗಿ ಬೆಸುಗೆಯ ಜಾಗದಲ್ಲೇ ತೊಡಕಾಗುತ್ತದೆ. ಪಿಎಫ್‌ಯು ಎಂಬ ಇನ್ನೊಂದನ್ನು ಬಳಸಿದರೆ ಎರಡೂ ತಲೆನೋವು ತಪ್ಪುತ್ತವೆ. ಮೂಲ ಜೀನ್ ಹೊತ್ತಿದ್ದ ಹಳೆಯ ಪ್ಲಾಸ್ಮಿಡ್ ಉಳಿದುಕೊಂಡು ಬ್ಯಾಕ್ಟೀರಿಯಾದ ಸುಳ್ಳು ಕಾಲೊನಿಗಳು ಏಳದಂತೆ ಡಿಪಿಎನ್-1 ಕಿಣ್ವ ಹಾಕುವುದು ಒಳ್ಳೆಯದು. ಅದು ಬ್ಯಾಕ್ಟೀರಿಯಾದಲ್ಲಿ ಮೀಥೈಲ್ ಗುರುತು ಪಡೆದ ಡಿಎನ್‌ಎಯನ್ನು ಮಾತ್ರ ತುಂಡರಿಸುತ್ತದೆ.

ಜೆಲ್ಲಿನಲ್ಲಿ ಬ್ಯಾಂಡ್ ಸರಿಯಾದ ಅಳತೆಯಲ್ಲಿ ಬಂದರೂ ಸಾಲದು, ಇಡೀ ಜೀನಿನ ಸೀಕ್ವೆನ್ಸಿಂಗ್ ಆಗಲೇಬೇಕು.

ಅಕ್ಷರಗಳೆಲ್ಲ ಸರಿಯಿದ್ದಾಗಲೂ ಗಿಡ ಅವನ್ನು ಬೇರೆಯಾಗಿ ಓದಬಹುದು. ಜಿಮ್ ಹ್ಯಾಸೆಲಾಫ್ ತಂಡ 1997ರಲ್ಲಿ ಇದನ್ನು ತೋರಿಸಿತು: ಜೆಲ್ಲಿಮೀನಿನ ಮೂಲ ಜಿಎಫ್‌ಪಿಯ 84 ಬೇಸ್‌ಗಳನ್ನು ಅರಾಬಿಡಾಪ್ಸಿಸ್ ಗಿಡ ಇಂಟ್ರಾನ್ ಎಂದು ತಿಳಿದು ಕತ್ತರಿಸಿ ಎಸೆಯುತ್ತಿತ್ತು. ಪ್ರೋಟೀನು ಬದಲಾಗದಂತೆ ಕೋಡಾನ್‌ಗಳನ್ನಷ್ಟೇ ತಿದ್ದಿದ ಮೇಲೆ ಗಿಡ ಬೆಳಗಿತು.

ಇಷ್ಟಾದ ಮೇಲೆ ಬೆಸೆದ ಜೀನನ್ನು ಕೋಶಕ್ಕೆ ಕೊಟ್ಟು ನೋಡಲು ಈರುಳ್ಳಿಯ ಸರದಿ. 1987ರಲ್ಲಿ ಕಾರ್ನೆಲ್‌ನ ಜಾನ್ ಸ್ಯಾನ್‌ಫೋರ್ಡ್ ತಂಡ ಜೀನ್ ಗನ್ನಿನಿಂದ ಜೀನ್ ಹೊತ್ತ ಟಂಗ್‌ಸ್ಟನ್ ಕಣಗಳನ್ನು ಹಾರಿಸಿದ್ದೂ ಈರುಳ್ಳಿಯ ಕೋಶಗಳ ಮೇಲೆಯೇ. ಅದರ ದಳದ ಒಳಮೈಯಿಂದ ಸುಲಿದ ತೆಳುಪೊರೆಯಲ್ಲಿ ದೊಡ್ಡ ಕೋಶಗಳು ಒಂದೇ ಪದರವಾಗಿರುತ್ತವೆ. ಕ್ಲೋರೋಫಿಲ್ ಇಲ್ಲದ್ದರಿಂದ ಕೆಂಪು ಹೊಳಪಿನ ಕಾಟವಿಲ್ಲ.

ಪಕ್ಕದಲ್ಲೇ ಬರೀ ಜಿಎಫ್‌ಪಿ ಕೊಟ್ಟ ಇನ್ನೊಂದು ಪೊರೆಯನ್ನೂ ಇಡಬೇಕು. ಸುಮಾರು 27 ಕಿಲೋಡಾಲ್ಟನ್‌ನ ಈ ಪುಟ್ಟ ಪ್ರೋಟೀನು ತಾನಾಗಿಯೇ ಕೋಶಕೇಂದ್ರಕ್ಕೆ ನುಸುಳುತ್ತದೆ. ಬೆಸೆದ ಪ್ರೋಟೀನು ಒಳಗೆ ತುಂಡಾಗಿದ್ದರೆ ಬಿಡುಗಡೆಯಾದ ಜಿಎಫ್‌ಪಿಯೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಕೋಶಕೇಂದ್ರ ಹಸಿರಾಗಿ ಹೊಳೆದಾಗ ವೆಸ್ಟರ್ನ್ ಬ್ಲಾಟ್ ಮಾಡಿ, ಪ್ರೋಟೀನು ಇಡಿಯಾಗಿದೆಯೇ ಎಂದು ನೋಡಿದ ನಂತರವೇ ವಿಳಾಸ ಬರೆದುಕೊಳ್ಳುತ್ತೇನೆ.